ಮಂಜಿಗೆ ಮುಹೂರ್ತ

ಕೌನಾಕ್ ಬೆಳಗ್ಗೆ ಊರ ರೇಡಿಯೋದಲ್ಲಿ ಮಂಜಿನ ವರದಿ ಓದುವಾಗ "ಖಂಡಿತ" ಅಂದದ್ದೇ ತಪ್ಪಾಯಿತು.

"ತೆಂಕಣ ಗಾಳಿ ಎದ್ದಿದೆ. ಉಪಗ್ರಹದ ಚಿತ್ರದಲ್ಲಿ ಬಿರುಕು ಕಾಣ್ತಿದೆ. ಕೊಲ್ಲಿಯ ಮೇಲೆ ಹೆಪ್ಪುಗಟ್ಟಿರೋ ಮಂಜು ಇವತ್ತು ಮಧ್ಯಾಹ್ನ ಖಂಡಿತ ಒಡೆದು ಕಡಲಿಗೆ ಹೋಗುತ್ತೆ. ಮೀನು ಹಿಡಿಯೋ ಪಂದ್ಯ ಅಂತ ಯಾರೂ ಮಂಜಿನ ಮೇಲೆ ಇಳೀಬೇಡಿ."

ಉತ್ತರ ಧ್ರುವದ ಅಂಚಿನ ಆ ಊರಲ್ಲಿ ಮಂಜಿನ ವಿಷಯದಲ್ಲಿ ಯಾರೂ ಖಂಡಿತ ಅನ್ನುವುದಿಲ್ಲ. "ಹೋದ್ರೂ ಹೋಗ್ಬಹುದಪ್ಪ" ಅನ್ನುತ್ತಾರೆ, ಅದೂ ಮೆಲ್ಲಗೆ. ಮಂಜಿಗೆ ಕಿವಿಯಿದೆ, ಯಾರಾದರೂ ಜಂಬ ಕೊಚ್ಚಿದರೆ ಬೇಕೆಂದೇ ಉಲ್ಟಾ ಹೊಡೆಯುತ್ತದೆ. ಆದರೆ ಪಾಪ, ಕೌನಾಕ್ ಏನು ಮಾಡಿಯಾನು? ಈ ವಸಂತದಲ್ಲಿ ಒಮ್ಮೆ "ನಿಲ್ಲಬಹುದು" ಅಂದಿದ್ದ; ಮಂಜು ಬೇಟೆಗಾರರ ಸಂಘದ ಅಧ್ಯಕ್ಷ ಉಯಾರಾಕ್‌ನ ಗುಡಾರವನ್ನೂ ಕಟ್ಟಿಕೊಂಡು ಹೊರಟುಹೋಯಿತು. ಇನ್ನೊಮ್ಮೆ "ಹೋಗಬಹುದು" ಅಂದ. ಅದು ಹಟ ಹಿಡಿದ ಅತ್ತೆಯಂತೆ ಕೂತೇಬಿಟ್ಟಿತು.

"ಇನ್ನೊಂದ್ಸಲ ತಪ್ಪಿದ್ರೆ ಮೈಕು ಬೇರೆಯವ್ರಿಗೆ," ಎಂದು ಉಯಾರಾಕ್ ನಿನ್ನೆ ತಾನೇ ಹೇಳಿದ್ದ. "ನೀನು ಕಕ್ಕಸಿನ ಟ್ಯಾಂಕರ್ ಓಡ್ಸು. ಅದು ಯಾವತ್ತು ತುಂಬುತ್ತೆ ಅಂತ ಹೇಳೋಕೆ ಉಪಗ್ರಹ ಬೇಡ."

ರೇಡಿಯೋ ಕೋಣೆಯಿಂದ ಹೊರಬರುವಷ್ಟರಲ್ಲಿ ಇಡೀ ಊರು ಜಾರುಬಂಡಿಗೆ ಟೀ ಕೆಟಲು, ಗಾಳ, ಕೂಸು ಕುನ್ನಿ ಎಲ್ಲ ಹೇರುತ್ತಿತ್ತು. ಎದುರಿಗೆ ಅತ್ತೆ ಲೀಟಿಯಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಏನಪ್ಪಾ ಅಳಿಯ, ಮಂಜಿಗೆ ಮುಹೂರ್ತ ಇಡೋಷ್ಟು ದೊಡ್ಡೋನಾದ್ಯಾ? ನಮ್ಮ ಯಜಮಾನ್ರನ್ನ ಒಂದ್ಮಾತು ಕೇಳ್ದೆ?"

ಯಜಮಾನರು ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತು ತೋಳಿಗೆ ಸಿಂಬಳ ಒರೆಸಿಕೊಳ್ಳುತ್ತಿದ್ದರು. ವಯಸ್ಸು ನಾಲ್ಕು. ಎರಡು ಜಡೆ.

ಮಂಜು ಓದುವುದರಲ್ಲಿ ಎತ್ತಿದ ಕೈ ಅನಿಸಿಕೊಂಡಿದ್ದ ಲೀಟಿಯಾಳ ಗಂಡ, ಮುದುಕ ಇಕುಮಾ ತೀರಿಕೊಂಡ ಚಳಿಗಾಲದಲ್ಲೇ ಪಕ್ಕದ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು. ಅದಕ್ಕೆ ಅವನ ಹೆಸರಿಟ್ಟರು. ಹೆಸರು ಬಂದ ಮೇಲೆ ನಂಟೂ ಬರಲೇಬೇಕಲ್ಲ. ಲೀಟಿಯಾಗೆ ಆ ಮಗು ಗಂಡ, ಕೌನಾಕ್‌ನ ಹೆಂಡತಿಗೆ ಅಪ್ಪ, ಕೌನಾಕ್‌ಗೆ ಮಾವ. ಹಿರಿಯರ ಹೆಸರು ಹೊತ್ತ ಮಗುವನ್ನು ಗದರುವಂತಿಲ್ಲ, ಎದುರಾಡುವಂತಿಲ್ಲ.

"ರೀ, ಮಂಜಿನ ಮೇಲೆ ಹೋಗೋಣ್ವಾ?" ಲೀಟಿಯಾ ನಾಚಿಕೊಂಡೇ ಕೇಳಿದಳು.

"ಹ್ಞೂಂ! ಮೀನು!" ಮಾವ ಕುಣಿದಾಡಿದ.

"ಕೇಳಿಸ್ತಲ್ಲ? ಮಂಜು ಗಟ್ಟಿಯಾಗಿದೆಯಂತೆ."

ಹಿಮಬಂಡಿಗಳು ಗುರ್ರೆಂದು ಹೊರಟವು. ಕೌನಾಕ್ ಹಿಂದೆಯೇ ಓಡಿದ. ಕರಗಿದ ನೀರು ಮಂಜಿನ ಮೇಲೆ ಮೊಣಕಾಲುದ್ದ ನಿಂತಿತ್ತು. ನಾಲ್ಕು ಹೆಜ್ಜೆಗೊಮ್ಮೆ ಬಿದ್ದ, ಬಿದ್ದಾಗೆಲ್ಲ ಊರು ಚಪ್ಪಾಳೆ ತಟ್ಟಿತು.

"ಬಾರೋ ಖಂಡಿತಪ್ಪ!" ಬಿರುಕಿಗೆ ಗಾಳ ಇಳಿಬಿಟ್ಟಿದ್ದವನೊಬ್ಬ ಕೂಗಿದ. "ಮುಳುಗೋ ಮುಂಚೆ ಒಂದು ಲೋಟ ಟೀ ಕುಡಿ!"

ಅಷ್ಟರಲ್ಲಿ ಕಾಲ ಕೆಳಗೆ ಏನೋ "ಗೊರ್ರ್" ಅಂದಿತು.

"ಕೇಳಿದ್ರಾ? ಮಂಜು ನರಳ್ತಿದೆ!" ಕೌನಾಕ್ ಕೂಗಿದ.

"ಅದು ನನ್ನ ಹೊಟ್ಟೆ ಕಣೋ," ಅಂದ ಉಯಾರಾಕ್, ಹಸಿ ಸೀಲ್ ಮಾಂಸ ಕೊಯ್ಯುತ್ತ.

ಕೌನಾಕ್‌ಗೆ ಉಳಿದದ್ದು ಒಂದೇ ದಾರಿ. ಜಾರುಬಂಡಿಯ ಮೇಲೆ ತುಪ್ಪಳ ಹೊದ್ದು ಕೂತಿದ್ದ ಮಾವನ ಮುಂದೆ ಮಂಡಿಯೂರಿದ.

"ಮಾವ, ದಮ್ಮಯ್ಯ ಅಂತೀನಿ. ಮನೆಗೆ ಹೋಗೋಣ ಅನ್ನಿ."

"ಊಹೂಂ."

"ಚೂಯಿಂಗ್ ಗಮ್ ಕೊಡಿಸ್ತೀನಿ."

"ಎಷ್ಟು?"

"ಅಂಗಡೀಲಿ ಇರೋದಷ್ಟೂ!"

ಮಾವ ಸೀಲು ಉಸಿರಾಡಲು ಬರುವ ಮಂಜಿನ ತೂತಿನ ಪಕ್ಕ ಕಾಯುವ ಬೇಟೆಗಾರನಂತೆ ಅರೆಗಳಿಗೆ ಯೋಚಿಸಿದ. ಆಮೇಲೆ ಎದ್ದು ನಿಂತು ಕಿರುಚಿದ: "ಎಲ್ರೂ ಮನೇಗೆ!"

ಗಾಳಗಳು ಸರಕ್ಕನೆ ಮೇಲೆದ್ದವು. ಕುಡಿಯುತ್ತಿದ್ದ ಟೀ ಹಾಗೇ ಚೆಲ್ಲಿತು. ಇಷ್ಟೊತ್ತು ಕೌನಾಕ್ ಗಂಟಲು ಹರಿದುಕೊಂಡರೂ ಅಲ್ಲಾಡದ ಊರು, ಬೆಂಕಿ ಬಿದ್ದ ಹಾಗೆ ದಡ ಸೇರಿತು.

ಸೇರಿದ ಮೇಲೆ ಶುರುವಾಯಿತು ನೋಡಿ ನಿಜವಾದ ಪೀಕಲಾಟ. ಮಂಜು ಒಡೆಯಲೇ ಇಲ್ಲ.

ಮಧ್ಯಾಹ್ನವಾಯಿತು. ಊರೆಲ್ಲ ದಡದ ಕಲ್ಲುಗಳ ಮೇಲೆ ಸಾಲಾಗಿ ಕೂತು ಕೊಲ್ಲಿಯನ್ನೊಮ್ಮೆ, ಕೌನಾಕ್‌ನನ್ನೊಮ್ಮೆ ನೋಡತೊಡಗಿತು. ಮಂಜು ನಿದ್ದೆ ಹೊಡೆಯುತ್ತಿತ್ತು. ಮುಳುಗುವ ಅಭ್ಯಾಸವೇ ಇಲ್ಲದ ಸೂರ್ಯ ಕೂಡ ಬಗ್ಗಿ ನೋಡಿ ಮುಂದೆ ಹೋದ.

"ನನ್ನ ಗಾಳಾನ ಇಷ್ಟುದ್ದದ ಮೀನು ಮೂಸ್ತಿತ್ತು!"

"ಇಕುಮಾ ಕರೆದಿದ್ದಕ್ಕೆ ಬಂದ್ವಿ, ಸರಿ. ಆದ್ರೆ ಇವನ ಜಂಬ ಕೇಳಿ ಮಂಜು ಮುನಿಸ್ಕೊಂಡಿದೆ."

"ಟ್ಯಾಂಕರ್ ಕೀ ತರ್ಲೇನೋ?" ಉಯಾರಾಕ್ ಪ್ರೀತಿಯಿಂದ ಕೇಳಿದ.

ಕೌನಾಕ್ ದಡದಂಚಿಗೆ ಹೋಗಿ ಮಂಜಿಗೆ ಕಲ್ಲು ಹೊಡೆದ. ಕೈ ಮುಗಿದ. ಬೈದ. ಕೊನೆಗೆ ರೋಸಿಹೋಗಿ ಬೂಟುಗಾಲಿನಿಂದ ಒಂದು ಒದೆ ಕೊಟ್ಟ.

ಢಂ!

ಕೊಲ್ಲಿಯ ಈ ದಡದಿಂದ ಆ ದಡಕ್ಕೆ ಬಿರುಕು ಓಡಿತು. ಅಷ್ಟೂ ಮಂಜು ಒಂದೇ ತಟ್ಟೆಯಾಗಿ ಕದಲಿ, ಪಕ್ಕಕ್ಕೆ ತಿರುಗಿ, ಸಾವಕಾಶವಾಗಿ ಹೊರಟಿತು. ಮೇಲಿದ್ದ ಸೀಲುಗಳು ಬಸ್ಸಿನಲ್ಲಿ ಸೀಟು ಸಿಕ್ಕವರಂತೆ ಅತ್ತಿತ್ತ ನೋಡದೆ ಕೂತೇ ಹೋದವು.

"ಒಡೀತು! ಖಂಡಿತ ಅಂದಿರ್ಲಿಲ್ವಾ!" ಕೌನಾಕ್ ತೋಳು ಚಾಚಿ ತಿರುಗಿದ.

ಊರು ಆಗಲೇ ಮಾವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿತ್ತು. "ಇಕುಮಾ ಅಂದ್ರೆ ಇಕುಮಾ! ಎಲ್ಲರ ಜೀವ ಉಳಿಸ್ದ!"

ಕೌನಾಕ್‌ನ ಪಿತ್ತ ನೆತ್ತಿಗೇರಿತು. "ಅಯ್ಯೋ, ಅದು ಹೇಳಿದ್ದು ನಾನು! ಗಮ್ ಕೊಡಿಸ್ತೀನಿ ಅಂತ ಆಸೆ ತೋರ್ಸಿ ಹೇಳಿಸ್ದೆ! ಬೇಕಾದ್ರೆ ಮಾವನ್ನೇ ಕೇಳಿ!"

"ಹೌದು," ಮಾವ ಹೆಗಲ ಮೇಲಿಂದ ಒಪ್ಪಿಕೊಂಡ. "ಅಳಿಯನೇ ಹೇಳ್ಕೊಟ್ಟ."

ಕುಣಿತ ನಿಂತಿತು. ಇನ್ನೇನು ಕ್ಷಮೆ ಕೇಳುತ್ತಾರೆಂದು ಕೌನಾಕ್ ಎದೆ ಸೆಟೆಸಿದ. ಲೀಟಿಯಾಳ ಕಣ್ಣಲ್ಲಿ ದಳದಳ ನೀರು.

"ರೀ, ಬದುಕಿದ್ದಾಗ ಅಳಿಯನ ಒಂದು ಮಾತೂ ಕಿವಿಗೆ ಹಾಕ್ಕೊಳ್ಳಲಿಲ್ಲ ನೀವು. ಈಗಾದ್ರೂ ಬುದ್ಧಿ ಬಂತಲ್ಲ! ಎಂಥಾ ದೊಡ್ಡ ಮನಸ್ಸು!"

ಉಯಾರಾಕ್ ಕೂಡ ಮೂಗು ಸೀಟಿಕೊಂಡ. "ಸರಿ, ತೀರ್ಮಾನ ಆಯ್ತು. ನಾಳೆಯಿಂದ ಮೈಕು ಇಕುಮಾಗೆ. ಕೌನಾಕ್ ಬೆಳಗ್ಗೆ ಎದ್ದು ಮಾವನಿಗೆ ವರದಿ ಒಪ್ಸೋದು, ಅವ್ರು ಯೋಚನೆ ಮಾಡಿ ನಮಗೆ ಹೇಳೋದು."

"ಮತ್ತೆ ನನ್ನ ಕೆಲಸ?"

"ಉಳಿದ ಹೊತ್ತು ಟ್ಯಾಂಕರ್ ಇದೆಯಲ್ಲೋ!"

ಮಾವ ಮಾತ್ರ ಖಾಲಿ ಕೊಲ್ಲಿಯನ್ನೇ ನೋಡುತ್ತಿದ್ದ. ತುಟಿ ಅದುರಿತು. "ಮಂಜೆಲ್ಲಿ?"

"ಹೋಯ್ತು ಮಾವ."

"ನಂಗೆ ಮಂಜು ಬೇಕೂ!" ಮಾವ ಬಾಯಿ ತೆರೆದು ಊರು ಹಾರಿಹೋಗುವಂತೆ ಅಳತೊಡಗಿದ.

ಅಷ್ಟೂ ತಲೆಗಳು ಕೌನಾಕ್‌ನತ್ತ ತಿರುಗಿದವು.

"ಮುಖ ಏನ್ ನೋಡ್ತೀಯಾ?" ಲೀಟಿಯಾ ಗದರಿದಳು. "ಒದ್ದು ಕಳ್ಸಿದೋನು ನೀನೇ ತಾನೆ? ಹೋಗಿ ವಾಪಸ್ ಕರ್ಕೊಂಡ್ ಬಾ!"

ಉಯಾರಾಕ್ ಆಗಲೇ ದೋಣಿಯನ್ನು ನೀರಿಗೆ ತಳ್ಳುತ್ತ, "ಹಗ್ಗ ಉದ್ದದ್ದೇ ತನ್ರೋ," ಎಂದು ಕೂಗುತ್ತಿದ್ದ.