ಅತ್ತೆಯ ಅಂಗಳದ ಜೆಸಿಬಿ

ನನ್ನ ಅತ್ತೆ ಬಿಡಿಸಿದ ನವಿಲನ್ನು ನಿಜವಾದ ನವಿಲೇನಾದರೂ ನೋಡಿದ್ದರೆ, ಅವತ್ತಿನಿಂದಲೇ ಕುಣಿಯುವುದನ್ನು ಬಿಟ್ಟು, ತಲೆ ತಗ್ಗಿಸಿ ಕಾಳು ಹೆಕ್ಕಿಕೊಂಡು ಉಳಿದ ಆಯುಷ್ಯ ಕಳೆಯುತ್ತಿತ್ತು. ಇದು ಉತ್ಪ್ರೇಕ್ಷೆ ಅನ್ನಿಸಿದರೆ ತಪ್ಪು ನಿಮ್ಮದಲ್ಲ. ನೀವು ಆ ನವಿಲನ್ನು ನೋಡಿಲ್ಲ, ಅಷ್ಟೇ.

ಅತ್ತೆ ಎಂದರೆ ಗಂಡನ ತಾಯಿಯಲ್ಲ. ಗಂಡನ ತಾಯಿಯ ಬಗ್ಗೆ ಹೀಗೆಲ್ಲ ಬರೆದು ಬಾಳುವೆ ಮಾಡುವ ಧೈರ್ಯ ನನಗಿಲ್ಲ! ಇವರು ನಮ್ಮಪ್ಪನ ತಂಗಿ. ಹೊನ್ನಾಳಿಯಲ್ಲಿ ನಮ್ಮ ತವರುಮನೆಗೆ ಅಂಟಿಕೊಂಡೇ ಇವರ ಮನೆ. ಎರಡಕ್ಕೂ ಒಂದೇ ಅಂಗಳ. ಅಂಗನವಾಡಿ ಟೀಚರಾಗಿ ಊರಿನ ಮಕ್ಕಳ ಮೂಗು ಒರೆಸಿ ಒರೆಸಿ ನಿವೃತ್ತರಾದ ಮರುದಿನವೇ ಇವರೊಳಗಿನ ಕಲಾವಿದೆ ಎದ್ದು ಕೂತಳು. ಎದ್ದವಳು ಮತ್ತೆ ಮಲಗಲೇ ಇಲ್ಲ. ದಿನಾ ಬೆಳಿಗ್ಗೆ ಅಂಗಳದಲ್ಲೊಂದು ರಂಗೋಲಿ. ಸುತ್ತಮುತ್ತ ಎಲ್ಲಿ ಸ್ಪರ್ಧೆಯೆಂದರೂ ಅಲ್ಲೊಂದು ರಂಗೋಲಿ.

ಬಹುಮಾನದ ಆಸೆಗೆ ಹೀಗೆ ಓಡಾಡುತ್ತಾರೆ ಎಂದು ನಾವೆಲ್ಲ ತಿಳಿದಿದ್ದೆವು. ಒಮ್ಮೆ ನಾನು ಕೇಳಿಯೇ ಬಿಟ್ಟೆ.

"ಬಹುಮಾನ ಯಾರಿಗೆ ಬೇಕಾಗೈತೆ? ದಾಟ್ಕೊಂಡು ಹೋಗೋರ್ನ ನೋಡಿ ನೋಡಿ ಸಾಕಾಗೈತೆ ಕಣೆ. ಯಾರಾದ್ರೂ ಒಬ್ರು ನಿಂತು ನೋಡ್ಬೇಕು" ಅಂದರು.

ನಿಂತು ನೋಡುವುದೆಲ್ಲಿಂದ ಬಂತು! ಹಾಲಿನವನು ಅದರ ಮೇಲೇ ಬೈಕು ಹತ್ತಿಸಿಕೊಂಡು ಹೋಗುತ್ತಿದ್ದ. ನಮ್ಮಪ್ಪನಂತೂ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು, ಪ್ರತಿದಿನ ಸರಿಯಾಗಿ ರಂಗೋಲಿಯ ನಡುಮಧ್ಯಕ್ಕೇ ಕಾಲಿಟ್ಟು ದಾಟುತ್ತಿದ್ದರು. ಮನೆಯ ಜನಕ್ಕೆ ಫೋಟೋ ಕಳಿಸಿದರೆ ವಾಟ್ಸಾಪಿನಲ್ಲಿ ಸಾಸ್ವೆಹಳ್ಳಿಯ ಚಿಕ್ಕಪ್ಪನೊಬ್ಬರು ಮಾತ್ರ ಕೈಮುಗಿಯುವ ಗುರುತು ಹಾಕುತ್ತಿದ್ದರು. ಅವರು ಸಾವಿನ ಸುದ್ದಿಗೂ, ಕರೆಂಟು ಹೋಗುವ ಸುದ್ದಿಗೂ ಅದನ್ನೇ ಹಾಕುವವರಾದ್ದರಿಂದ ಅತ್ತೆ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಸ್ಪರ್ಧೆಗಳ ಕಥೆ ಬೇರೆಯೇ. ನ್ಯಾಮತಿಯಲ್ಲಿ ಆ ಪ್ರಸಿದ್ಧ ನವಿಲನ್ನು ಬಿಡಿಸಿದಾಗ ತೀರ್ಪುಗಾರರು ಬಹಳ ಮರ್ಯಾದೆಯಿಂದ "ಹುಂಜ ಚೆನ್ನಾಗೈತ್ರೀ" ಅಂದರಂತೆ. ನವಿಲು ಎಂದು ಅತ್ತೆ ತಿದ್ದಿದರು. ಅವರು ಇನ್ನೊಮ್ಮೆ ನೋಡಿ, ಮುಂದಿನ ರಂಗೋಲಿಗೆ ಹೋದರು. ಜಗಳೂರಿಗೆ ಹೊರಟಾಗ ಬಸ್ಸಿನಲ್ಲೇ ಚೀಲ ಹರಿದು ಹಸಿರು ಪುಡಿಯೆಲ್ಲ ಕಂಡಕ್ಟರನ ಮೇಲೆ ಬಿತ್ತು. ಪಾಪ, ಅವನು ಜಗಳೂರು ಮುಟ್ಟುವವರೆಗೂ ಹಸಿರು ಮೀಸೆಯಲ್ಲೇ ಸೀಟಿ ಊದಿದ. ಅಲ್ಲಿ ಅತ್ತೆ ಉಳಿದ ಬಣ್ಣದಲ್ಲೇ ಹಂಸಗಳ ಜೋಡಿ ಬಿಡಿಸಿದರೆ, ಒಬ್ಬ ಅಜ್ಜಿ ಬಾಗಿ ನೋಡಿ ಹೂಜಿ ಭಾಳ ಚೆಂದ ಬಂದೈತೆ ಎಂದು ಹೊಗಳಿದಳಂತೆ!

ಗೆಲ್ಲದವರಿಗೆಲ್ಲ ಸಮಾಧಾನಕ್ಕೆಂದು ಒಂದು ಸ್ಟೀಲ್ ಡಬ್ಬಿ ಕೊಡುವುದು ನಮ್ಮ ಕಡೆಯ ಪದ್ಧತಿ. ಹೀಗಾಗಿ ಅತ್ತೆಯ ಅಡುಗೆಮನೆ ಸಮಾಧಾನದಿಂದ ತುಂಬಿ ತುಳುಕುತ್ತಿತ್ತು. ಸಾಸಿವೆ ಎಲ್ಲಿ ಎಂದರೆ "ನ್ಯಾಮತಿಯಾಗೈತೆ ನೋಡು" ಅನ್ನುತ್ತಿದ್ದರು. ಮೆಂತ್ಯ ಜಗಳೂರಿನಲ್ಲಿರುತ್ತಿತ್ತು.

ಆಮೇಲೆ ಬಂತು ಮೊಬೈಲಿನಲ್ಲಿ ರೀಲ್ಸಿನ ಕಾಲ. ಬಳೆ, ಬಾಚಣಿಗೆ, ಚಮಚ ಇಟ್ಟು ಹತ್ತು ನಿಮಿಷದಲ್ಲಿ ರಂಗೋಲಿ ಬಿಡಿಸುವ ಹೆಂಗಸರ ವಿಡಿಯೋ ನೋಡಿ ಅತ್ತೆ ಮರುಳಾದರು. ಊರಿಗೆಲ್ಲ ಹಿಡಿಸಿದ್ದನ್ನು ನಾವೂ ಮಾಡಿದರೆ ನಮ್ಮದೂ ಹಿಡಿಸುತ್ತದೆ ಎನ್ನುವ ಲೆಕ್ಕ. ನಮ್ಮಮ್ಮನ ಚಹಾ ಸೋಸುವ ಜಾಲರಿಯನ್ನು ಕೇಳದೆಯೇ ಒಯ್ದು ಗುಲಾಬಿ ಪುಡಿ ಜರಡಿ ಹಿಡಿದು, ತೊಳೆದಂತೆ ಮಾಡಿ ವಾಪಸು ಇಟ್ಟರು. ಎರಡು ದಿನ ನಮ್ಮ ಮನೆಯಲ್ಲಿ ಗುಲಾಬಿ ಬಣ್ಣದ ಚಹಾ. ಅಪ್ಪ ಅದನ್ನು ಪೇಪರ್ ಓದುತ್ತಾ ಕುಡಿದೂಬಿಟ್ಟರು. ಅವರಿಗೆ ಗೊತ್ತೇ ಆಗಲಿಲ್ಲ.

ಇಂಥ ಅತ್ತೆಯ ಕಣ್ಣು ತೆರೆಸಿದ್ದು ಯಾರು ಅಂತೀರಿ? ಒಂದು ಜೆಸಿಬಿ!

ನಮ್ಮ ಬೀದಿಯ ಚರಂಡಿ ಕೆಲಸಕ್ಕೆ ಬಂದಿದ್ದ ಅದು ಅಂಗಳದ ಅಂಚನ್ನೂ ಅಗೆದು, ನೀರಿನ ಪೈಪನ್ನೂ ಒಡೆದು, ಮೂರು ದಿನ ಅಲ್ಲೇ ಠಿಕಾಣಿ ಹೂಡಿತ್ತು. ನೀರಿಲ್ಲ, ನಿದ್ದೆಯಿಲ್ಲ. ಅದು ತೊಲಗಿದ ಮರುದಿನ ಅತ್ತೆ ಸಿಟ್ಟಿನಲ್ಲಿ ಪುಡಿ ಹಿಡಿದು ಕೂತು, ಆ ಜೆಸಿಬಿಯನ್ನೇ ಬಿಡಿಸಿದರು. ಒಡೆದ ದೀಪ, ಹಲ್ಲಿಗೆ ಸಿಕ್ಕ ಪೈಪು, ಮುಂದೆ ಸಾಲಾಗಿ ಖಾಲಿ ಕೊಡಗಳು. ಹಾಲಿನವನು ಬಂದ. ಬೈಕು ನಿಲ್ಲಿಸಿದ. ಇಳಿದ!

"ಟೀಚರಮ್ಮ, ಪೈಪು ಒಡೆದಿದ್ದು ಇದೇ ಅಲ್ಲೇನ್ರೀ?" ಎಂದು ಕೇಳಿ, ಹಾಲು ಹಾಕುವುದನ್ನೂ ಮರೆತು ಸುತ್ತು ಹಾಕಿ ನೋಡಿದ.

ಅವನು ಹೋದ ಮೇಲೆ ಅತ್ತೆ ಮೆಟ್ಟಿಲ ಮೇಲೆ ಕೂತರು. "ನಾನು ನವಿಲನ್ನ ಹತ್ರದಿಂದ ನೋಡೇ ಇಲ್ಲ ಕಣೆ" ಅಂದರು. "ಜೆಸಿಬೀನ ಮೂರು ದಿನ ನೋಡೀನಿ."

ಇಷ್ಟು ತಿಳಿಯಲು ಅವರಿಗೆ ಅಷ್ಟೊಂದು ಡಬ್ಬಿ ಬೇಕಾದವು. ಅಲ್ಲಿಂದಾಚೆಗೆ ಅಂಗಳದಲ್ಲಿ ಕಮಲ ಅರಳಲಿಲ್ಲ. ಮೀನಿನ ತಲೆ ಕಚ್ಚಿಕೊಂಡು ಓಡುವ ಬೆಕ್ಕು, ಎದುರುಮನೆಯವರ ತಂತಿಯ ಮೇಲಿನ ತೂತು ಬನಿಯನ್ನು, ಮಧ್ಯಾಹ್ನ ಬಾಯಿ ತೆರೆದು ಮಲಗಿದ ನಮ್ಮಮ್ಮ. ಅಮ್ಮ ಒಂದು ವಾರ ಮಾತು ಬಿಟ್ಟರು. ಎದುರುಮನೆಯವರು ಹೊಸ ಬನಿಯನ್ನು ತಂದರು. ಆದರೆ ಜನ ನಿಲ್ಲತೊಡಗಿದರು. ಶಾಲೆಗೆ ಹೋಗುವ ಟೀಚರುಗಳು, ಸೊಪ್ಪು ಮಾರುವಾಕೆ, ಎಲ್ಲರೂ ನಮ್ಮ ಬೀದಿಯಿಂದಲೇ ಸುತ್ತಿಕೊಂಡು ಹೋಗುತ್ತಿದ್ದರು.

ನಿಲ್ಲದೆ ಉಳಿದವರು ಅಪ್ಪ ಒಬ್ಬರೇ. ಮನೆ ಮುಂದೆ ಮಂಗಳ ಇರಬೇಕು, ಮಷೀನೂ ಬನಿಯನ್ನೂ ಅಲ್ಲ ಎಂಬುದು ಅವರ ವಾದ. ಊರು ನಿಂತಿತು, ಅಣ್ಣ ನಿಲ್ಲಲಿಲ್ಲ ಎನ್ನುವುದು ಅತ್ತೆಯನ್ನು ಕೊರೆಯುತ್ತಿತ್ತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಅಪ್ಪನ ಚಪ್ಪಲಿ ಸದ್ದಾದರೆ ಸಾಕು, ಬಾಗಿಲ ಸಂದಿಯಿಂದ ಇಣುಕುತ್ತಿದ್ದರು.

ಮೊನ್ನೆ ದೀಪಾವಳಿಗೆ ಮುಂಚೆ ಚನ್ನಗಿರಿಯಲ್ಲಿ ಸ್ಪರ್ಧೆಯಿತ್ತು. ವಿಷಯ: ಲಕ್ಷ್ಮಿಯ ಪಾದ. ಅತ್ತೆಗೆ ಮಂಡಿನೋವು, ಪುಡಿಯ ಚೀಲ ಹೊರಲು ಜನ ಬೇಕು. ನಾನು ಹೊರಟೆ, ಚನ್ನಗಿರಿಯಲ್ಲಿ ಹಳೆಯ ಸ್ನೇಹಿತರನ್ನು ಕಾಣಲು ಅಪ್ಪನೂ ಬಂದರು. ದಾರಿಯುದ್ದಕ್ಕೂ ಅಪ್ಪ ಉಪದೇಶ ಮಾಡಿದರು: ನಾಲ್ಕು ಜನ ಹೇಗೆ ಬಿಡಿಸುತ್ತಾರೋ ಹಾಗೆ ಬಿಡಿಸು, ಬೇರೆ ಊರಿನಲ್ಲಿ ಮಾನ ಕಳೆಯಬೇಡ. ಅತ್ತೆ ಹೂಂ ಅಂದರು. ಬಸ್ಸಿಳಿದವರೇ ಅಂಗಡಿಗೆ ನುಗ್ಗಿ ಪ್ಲಾಸ್ಟಿಕ್ಕಿನ ಪಾದದ ಅಚ್ಚು ಕೊಂಡರು. ಜೆಸಿಬಿ ಬಿಡಿಸಿದ ಅತ್ತೆಯೂ ಅಚ್ಚಿಗೆ ಶರಣಾದರಲ್ಲ ಎಂದು ನಾನು ಮುಖ ತಿರುಗಿಸಿದೆ.

ಮೈದಾನದಲ್ಲಿ ಚೌಕ ಹಾಕಿ ಕೊಟ್ಟಿದ್ದರು. ಅಕ್ಕಪಕ್ಕದವರೆಲ್ಲ ಅಚ್ಚು ಒತ್ತಿ ಮುದ್ದಾದ ಪಾದಗಳನ್ನು ಸಾಲಾಗಿ ನಡೆಸಿದರು. ಅತ್ತೆ ಕಾಲು ಗಂಟೆ ಅಚ್ಚನ್ನು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಕೊನೆಗೆ ಅದನ್ನು ಚೀಲಕ್ಕೆ ಹಾಕಿ, ಬೆರಳಲ್ಲಿ ಪುಡಿ ಹಿಡಿದರು.

ಎರಡೇ ಪಾದ. ಅಗಲವಾದವು, ಒಂದು ಚೌಕ ತುಂಬುವಷ್ಟು ದೊಡ್ಡವು. ಹಿಮ್ಮಡಿಯಲ್ಲಿ ಬಿರುಕುಗಳು, ಬೆರಳ ಸಂದಿಯಲ್ಲಿ ಗದ್ದೆಯ ಕೆಸರು.

ತೀರ್ಪು ಕೊಡುವ ಮೇಡಂ ಬಂದು, ಲಕ್ಷ್ಮಿಯ ಪಾದಗಳು ಹೀಗಿರುತ್ತವೆಯೇ ಎಂದು ಕೇಳಿದರು.

"ನಮ್ಮನೆಗೆ ಬಂದಿದ್ದು ಇವೇ ಕಾಲು ರೀ" ಅಂದರು ಅತ್ತೆ.

ಮೇಡಂ ಒಳ್ಳೆಯವರು. ಎಡಗಾಲಿನ ಕಿರುಬೆರಳಿಗೆ ಉಗುರು ಹಾಕುವುದು ಮರೆತಿದೆ, ಇನ್ನೂ ಐದು ನಿಮಿಷವಿದೆ ಎಂದು ಎಚ್ಚರಿಸಿ ಹೋದರು. ಅತ್ತೆ ಉಗುರು ಹಾಕಲಿಲ್ಲ.

ಅಷ್ಟರಲ್ಲಿ ಅಪ್ಪ ಚಹಾ ಕುಡಿದು ಬಂದರು. ಬೈಗುಳ ಶುರುವಾಯಿತು ಅಂದುಕೊಂಡು ನಾನು ಚೀಲ ಕಟ್ಟತೊಡಗಿದೆ. ಅಪ್ಪ ಬೈಯಲಿಲ್ಲ. ನಿಂತರು. ನಿಂತೇ ಇದ್ದರು. ಆಮೇಲೆ ಮೆಲ್ಲಗೆ ಕುಕ್ಕರುಗಾಲಲ್ಲಿ ಕೂತು, ಆ ಕಿರುಬೆರಳನ್ನು ತೋರಿಸಿದರು.

"ಈ ಬೆರಳ ಮೇಲೆ ರುಬ್ಬೋ ಗುಂಡು ಬೀಳಿಸಿದ್ದು ನಾನೇ. ಅವ್ವ ತಾನೇ ಬೀಳಿಸ್ಕೊಂಡೆ ಅಂತ ಎಲ್ಲರಿಗೂ ಹೇಳಿದ್ಲು" ಅಂದರು.

"ಗೊತ್ತು ಅಣ್ಣ. ಬಾಗ್ಲ ಹಿಂದೆ ನಿಂತು ನೋಡ್ತಿದ್ದೆ."

ಎಪ್ಪತ್ತು ದಾಟಿದ ಅಣ್ಣ ತಂಗಿ. ಅಜ್ಜಿ ಹೋಗಿ ಎಷ್ಟೋ ವರ್ಷವಾಗಿದೆ; ಅಪ್ಪ ಅಜ್ಜಿಯ ಮಾತೆತ್ತಿದ್ದನ್ನು ನಾನು ಕೇಳಿದ್ದು ಅವತ್ತೇ.

"ಅವ್ವಗೆ ಭಾಳ ನೋವಾಗಿತ್ತೇನೇ?" ಎಂದು ಅಪ್ಪ ಕೇಳಿದರು.

ಇಲ್ಲ ಅಂದುಬಿಡಿ ಅತ್ತೆ, ಅಂದುಬಿಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಆಗಿತ್ತು ಅಣ್ಣ" ಅಂದರು ಅತ್ತೆ. "ನಿಂಗೆ ಗೊತ್ತಾಗಬಾರ್ದು ಅಂತ ನೀನು ಆ ಕಡೆ ಹೋಗೋ ತನಕ ನಕ್ಕೊಂಡು ಕೂತಿದ್ಲು."

ಅಪ್ಪ ತಮ್ಮ ಇಸ್ತ್ರಿಯ ಬಿಳಿ ಪಂಚೆಯಲ್ಲೇ ಆ ಮಣ್ಣಿನ ನೆಲದ ಮೇಲೆ ಕೂತುಬಿಟ್ಟರು. ಅತ್ತೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.