ಟಿವಿಯೊಳಗಿನ ಕ್ವಾಂಟಂ ಚುಕ್ಕಿಗಳಿಗೆ ರಬಕವಿಯ ಬಣ್ಣಗಾರನ ತಕರಾರು

ಮಾನ್ಯರೇ,

ತೇರದಾಳದ ಅಕ್ಕಮ್ಮನವರ ನಡುಮನೆಯ ಗೋಡೆಗೆ ತೂಗುಹಾಕಿದ ಹೊಸ ಟಿವಿಯೊಳಗೆ ಕೋಟಿಗಟ್ಟಲೆ ಸಂಖ್ಯೆಯಲ್ಲಿ ವಾಸವಾಗಿರುವ ಕ್ವಾಂಟಂ ಚುಕ್ಕಿ ಮಹಾಶಯರೆಲ್ಲರಿಗೂ, ಮೂವತ್ತನಾಲ್ಕು ವರ್ಷಗಳಿಂದ ರಬಕವಿಯಲ್ಲಿ ನೂಲಿಗೆ ಬಣ್ಣ ಹಾಕುತ್ತ ಮೊಣಕೈವರೆಗೆ ನೀಲಿಯಾಗಿರುವ ಗಿರಿಮಲ್ಲಪ್ಪನ ಸಾಷ್ಟಾಂಗ ನಮಸ್ಕಾರಗಳು. ತಾವು ಕುಶಲವೆಂದು ಬಲ್ಲೆ. ದಿನಾ ಸಂಜೆ ಏಳಕ್ಕೆ ಥಳಥಳ ಹೊಳೆಯುತ್ತಿರುವುದೇ ಅದಕ್ಕೆ ಸಾಕ್ಷಿ. ನನ್ನ ಕುಶಲ ಕೆಟ್ಟದ್ದು ಹೇಗೆಂಬುದನ್ನು ತಿಳಿಸಲು ಈ ಪತ್ರ.

ಮೊದಲು ತಮ್ಮ ಘನತೆಯನ್ನು ಕೊಂಡಾಡುವುದು ನನ್ನ ಧರ್ಮ. ಜಮಖಂಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಓದುವ ನನ್ನ ಮಗಳು ಮನೀಷಾ ಹೇಳುವ ಪ್ರಕಾರ, ತಾವು ಹತ್ತು ಸಾವಿರ ಜನ ಸಾಲಾಗಿ ನಿಂತರೂ ಒಂದು ತಲೆಗೂದಲಿನ ದಪ್ಪ ದಾಟುವುದಿಲ್ಲವಂತೆ. ಹಿಂದಿನಿಂದ ನೀಲಿ ದೀಪ ಹಚ್ಚಿದರೆ ಸಾಕು, ಆ ಬೆಳಕನ್ನು ನುಂಗಿ ತಮ್ಮ ತಮ್ಮ ಬಣ್ಣವನ್ನು ಹೊರಗೆ ಬಿಡುತ್ತೀರಂತೆ. "ಅಪ್ಪಾ, ಸಾಮಾನ ಎಲ್ಲಾ ಒಂದ ಐತಿ. ಕಣ ದೊಡ್ಡದಿದ್ರ ಕೆಂಪ, ಸಣ್ಣದಿದ್ರ ಹಸರ, ಅಷ್ಟ" ಎಂದಳು. ಅಯ್ಯೋ ಶಿವನೇ! ಪುಡಿ ತೂಗುವುದಿಲ್ಲ, ನೀರು ಕಾಯಿಸುವುದಿಲ್ಲ, ಉಪ್ಪು ಹಾಕುವುದಿಲ್ಲ, ಬರೀ ಮೈಯ ಅಳತೆಯಿಂದ ಬಣ್ಣ! ನಾನೂ ಎರಡು ವರ್ಷಗಳಿಂದ ಸಾಕಷ್ಟು ಹೊಟ್ಟೆ ಬೆಳೆಸಿದ್ದೇನೆ, ಇನ್ನೂ ಯಾವ ಬಣ್ಣಕ್ಕೂ ತಿರುಗಿಲ್ಲ.

ಈಗ ದೂರಿಗೆ ಬರುತ್ತೇನೆ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟಳೆ ಇದೆ. ಬಣ್ಣ ಹಾಕಿದ ಮೊದಲ ಲಡಿ ನೂಲನ್ನು ಬೆಳಗಿನ ಹತ್ತು ಗಂಟೆಯ ಬಿಸಿಲಿಗೆ, ಹೊಸ್ತಿಲ ಮುಂದೆ ಹಿಡಿಯಬೇಕು. ಮನೆಯ ಹೆಂಗಸು ನೋಡಿ "ಹೂಂ" ಅನ್ನಬೇಕು. ಆಮೇಲೆಯೇ ಉಳಿದ ನೂಲು ಹಂಡೆಗೆ ಇಳಿಯಬೇಕು. ಮೊದಲು ನನ್ನವ್ವ ಅನ್ನುತ್ತಿದ್ದಳು, ಈಗ ಹೆಂಡತಿ ಇಂದ್ರವ್ವ ಅನ್ನುತ್ತಾಳೆ. "ಗಿರಿಮಲ್ಲಪ್ಪನ ಬಣ್ಣ ಬಿಸಲಾಗ ಸುಳ್ಳ ಹೇಳಂಗಿಲ್ಲ" ಎಂಬ ಮಾತು ಬನಹಟ್ಟಿಯ ನೇಕಾರರ ಬಾಯಲ್ಲಿ ನಿಂತಿರುವುದು ಈ ಕಟ್ಟಳೆಯಿಂದಲೇ. ನಾನು ಗಳಿಸಿದ್ದು ಅದೊಂದೇ ಮಾತು.

ಅಕ್ಕಮ್ಮನವರ ಮೊಮ್ಮಗಳು ನೇಹಾಳ ಮದುವೆಗೆ ಆ ಮನೆಯ ಇಪ್ಪತ್ತೊಂದು ಹೆಂಗಸರಿಗೂ ಒಂದೇ ಬಣ್ಣದ ಸೀರೆ ಬೇಕಾಯಿತು. ಯಾವ ಬಣ್ಣವೆಂದರೆ, ಸಂಜೆಯ ಧಾರಾವಾಹಿಯಲ್ಲಿ ಅತ್ತೆ ಉಟ್ಟುಕೊಂಡು ಸೊಸೆಯನ್ನು ಬೈಯುತ್ತಾಳಲ್ಲ, ಆ ನವಿಲುಗತ್ತಿನ ಬಣ್ಣ. ನಾಲ್ಕು ಮಾದರಿ ಲಡಿ ಮಾಡಿಕೊಂಡು ತೇರದಾಳಕ್ಕೆ ಹೋದೆ. ಚಹಾ ಬಂತು, ಟ್ಯೂಬ್‌ಲೈಟ್ ಆರಿಸಿದರು, ಅತ್ತೆ ಬಂದಳು, ನಾನು ಲಡಿಗಳನ್ನು ಒಂದೊಂದಾಗಿ ತಮ್ಮ ಮುಖದ ಮುಂದೆಯೇ ಹಿಡಿದೆ. ಮನೆಯಲ್ಲಿ ನನ್ನ ಮನಸ್ಸಿಗೇ ಬಾರದಿದ್ದ ಮೂರನೆಯ ಲಡಿ ಅತ್ತೆಯ ಸೆರಗಿಗೆ ಸರಿಯಾಗಿ ಕೂಡಿಬಿಟ್ಟಿತು! "ಖರೆ ಇದ ನೋಡ್ರೀ ಕಾಕಾ" ಎಂದು ನೇಹಾ ಚಪ್ಪಾಳೆ ತಟ್ಟಿದಳು. ನನ್ನ ಕಣ್ಣಿಗೇ ವಯಸ್ಸಾಯಿತೇನೋ ಅಂದುಕೊಂಡು ಊರಿಗೆ ಬಂದೆ. ಮರುದಿನ ಇಂದ್ರವ್ವ "ಒಂದೀಟ ಬಿಸಲಿಗಿ ಹಿಡೀರಿ" ಎಂದರೆ, "ಟಿವಿನ ಒಪ್ಪೇತಿ, ನಿಂದೇನ ನಡುವ?" ಎಂದು ಗದರಿಸಿ, ಹತ್ತು ಗಂಟೆಗೂ ಕಾಯದೆ ನೂಲನ್ನೆಲ್ಲ ಹಂಡೆಗೆ ಇಳಿಸಿದೆ.

ಒಣಹಾಕಿದಾಗ ಅಂಗಳದ ತುಂಬ ಬಾಡಿದ ಮೆಂತೆ ಪಲ್ಲೆ! ಇಂದ್ರವ್ವ ಸೊಂಟದ ಮೇಲೆ ಕೈಯಿಟ್ಟು, "ಏನ್ರೀ ಇದು, ಸಂತಿಗಿ ಒಯ್ಯಾವ್ರೇನ?" ಎಂದಳು. ಮನೀಷಾ ನಗು ತಡೆದುಕೊಂಡು ವಿವರಿಸಿದಳು: ತಮ್ಮ ಬೆಳಕಿನಲ್ಲಿ ಮೂರೇ ಬಣ್ಣ ಎದ್ದು ಕೂತಿರುತ್ತವೆ, ಬಿಸಿಲಿನಲ್ಲಿ ಎಲ್ಲವೂ ಇರುತ್ತವೆ, ತಮ್ಮೆದುರು ಬಾಯಿ ಮುಚ್ಚಿಕೊಂಡಿದ್ದ ನೂಲು ಸೂರ್ಯನೆದುರು ಎಲ್ಲವನ್ನೂ ಒದರಿಬಿಟ್ಟಿತು. ಮದುವೆಗೆ ಇಪ್ಪತ್ತು ದಿನ ಉಳಿದಿತ್ತು. ತಪ್ಪು ಒಪ್ಪಿಕೊಳ್ಳಲು ತೇರದಾಳಕ್ಕೆ ಹೋದರೆ ಅಕ್ಕಮ್ಮನವರು ದೊಡ್ಡ ಮನಸ್ಸಿನಿಂದ, "ಟಿವಿ ಮುಂದ ಛಲೋ ಕಾಣತೈತಲ್ರೀ ಗಿರಿಮಲ್ಲಪ್ಪಾರ, ನಡೀತೈತಿ ಬಿಡ್ರಿ" ಎಂದರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ನನ್ನ ಬಣ್ಣಕ್ಕೆ ಯಾರೂ ಇದುವರೆಗೆ "ನಡೀತೈತಿ" ಎಂದಿರಲಿಲ್ಲ.

ಮುಂದೆ ಇಂಥದ್ದು ಆಗದಂತೆ ತಮ್ಮಲ್ಲಿ ಒಂದೆರಡು ಅರಿಕೆ. ತಾವು ತೋರಿಸಿದ ಬಣ್ಣದ ಸೀರೆ ಯಾರಾದರೂ ಉಟ್ಟು ಹೊರಬಿದ್ದರೆ, ದಯವಿಟ್ಟು ಗೋಡೆಯಿಂದ ಇಳಿದು, ಅವರ ಮುಂದೆ ಮುಂದೆ ಬೆಳಕು ಚೆಲ್ಲುತ್ತ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನವರೆಗಾದರೂ ಹೋಗಿ ಬರತಕ್ಕದ್ದು. ಅದು ಕಷ್ಟವಾದರೆ ಸೂರ್ಯದೇವನೊಡನೆ ಮಾತಾಡಿ, ಲಗ್ನದ ದಿನಗಳಲ್ಲಿ ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಅವನೂ ಮೂರೇ ಬಣ್ಣಗಳಲ್ಲಿ ಬೆಳಗುವಂತೆ ಒಪ್ಪಿಸತಕ್ಕದ್ದು. ಎರಡೂ ಆಗದಿದ್ದರೆ ತಮ್ಮಲ್ಲಿ ನಾಲ್ಕು ಜನ ನನ್ನ ಹಂಡೆಯ ಹತ್ತಿರ ಬಂದು, ಹಬೆಯಲ್ಲಿ ನಿಂತು, ನೂಲಿಗೆ ಬಣ್ಣ ಹಿಡಿಸುವುದೆಂದರೇನೆಂದು ಒಂದು ವಾರ ಕಲಿತು ಹೋಗಬಹುದು. ಊಟ ನಮ್ಮದೇ.

ತಾವು ಬರುವವರೆಗೆ ಕಾಯಲಿಕ್ಕಾಗದೆ ನಾನೇ ಆ ಮೆಂತೆ ಪಲ್ಲೆಯ ಮೇಲೆ ನೀಲಿ ಹಾಕತೊಡಗಿದೆ, ಅಳತೆಯಿಲ್ಲದೆ, ಬರೀ ಕಣ್ಣಂದಾಜಿನಲ್ಲಿ. ಮೂರು ದಿನ, ಹತ್ತು ಗಂಟೆಗೆ ಸರಿಯಾಗಿ, ಇಂದ್ರವ್ವ ಹೊಸ್ತಿಲಲ್ಲಿ ನಿಂತು ತಲೆ ಅಡ್ಡ ಆಡಿಸಿದಳು. ನಾಲ್ಕನೆಯ ದಿನ ಲಡಿಯನ್ನು ಬಿಸಿಲಿನಲ್ಲಿ ತಿರುವಿ ಮುರುವಿ ಬಹಳ ಹೊತ್ತು ನೋಡಿ, "ಹೂಂ" ಎಂದಳು. ನನ್ನ ಕಣ್ಣಲ್ಲಿ ನೀರು ಬಂತು, ಹಂಡೆಯ ಹಬೆ ಎಂದು ಸುಳ್ಳು ಹೇಳಿದೆ. ನೂಲು ಬನಹಟ್ಟಿಯ ಮಗ್ಗಗಳಿಗೆ ಏರಿ ಸೀರೆಯಾಯಿತು. ಮದುವೆಯ ದಿನ ಅಕ್ಕಮ್ಮನವರು ಬೀಗರನ್ನು ಒಬ್ಬೊಬ್ಬರನ್ನಾಗಿ ಚಪ್ಪರದ ಹೊರಗೆ ಕರೆದೊಯ್ದು, ಸೆರಗನ್ನು ಬಿಸಿಲಿಗೆ ಹಿಡಿದು ತೋರಿಸಿದರು.

ತಮ್ಮಷ್ಟು ಹೊಳೆಯದಿದ್ದರೂ ತೊಳೆದರೆ ಹೋಗದ,
ತಮ್ಮ ವಿಶ್ವಾಸಿ,
ಗಿರಿಮಲ್ಲಪ್ಪ, ಬಣ್ಣಗಾರ, ರಬಕವಿ

ತಾ.ಕ.: ಮೊನ್ನೆ ಮದುವೆಯ ವಿಡಿಯೋವನ್ನು ತಮ್ಮ ಮೂಲಕವೇ ಹಾಕಿ ನೋಡಿದರಂತೆ. ಇಪ್ಪತ್ತೊಂದು ಸೀರೆಗಳೂ ನಾನು ಜನ್ಮದಲ್ಲಿ ಹಾಕದ ಒಂದು ಬಣ್ಣದಲ್ಲಿ ಝಗಝಗಿಸಿದವಂತೆ. ಬಾಡಗಂಡಿಯಿಂದ ಬಂದ ಬೀಗರೊಬ್ಬರು ನೋಡಿ, "ನಮಗ ಹಿಂತಾದ್ದ ಬೇಕ್ರಿ" ಎಂದು ಹನ್ನೊಂದು ಸೀರೆ ಕೇಳಿ ಕಳಿಸಿದ್ದಾರೆ. ಆ ಬೀಗರು ಬೆಳಗ್ಗೆ ಹತ್ತಕ್ಕೆ ನಮ್ಮ ಹೊಸ್ತಿಲಿಗೆ ಬರಬೇಕೆಂದೂ, ಟಿವಿಯನ್ನು ಮನೆಯಲ್ಲೇ ಬಿಟ್ಟು ಬರಬೇಕೆಂದೂ ಇಂದ್ರವ್ವ ಹೇಳಿ ಕಳಿಸಿದ್ದಾಳೆ.