ನಂಜುಂಡಯ್ಯನವರು ಸುಸ್ತಿದಾರರಾದ ಸಂಗತಿ

“ನನ್ ಹೆಸರಿಗೆ ಮಸಿ ಬಳ್ದೋರು ಯಾರು?”

ಗಂಡಸಿ ಊರಿನ ತೆಂಗಿನಕಾಯಿ ವ್ಯಾಪಾರಿ ನಂಜುಂಡಯ್ಯ ಕಾಯಿಯ ರಾಶಿಯ ಮುಂದೆ ನಿಂತು ಕೇಳಿದರು. ಕಾಯಿಗಳು ತುಟಿ ಬಿಚ್ಚಲಿಲ್ಲ.

ಲಗೇಜ್ ಆಟೋ ಕೊಳ್ಳಲು ಸಾಲಕ್ಕೆ ಅರ್ಜಿ ಹಾಕಿದ್ದರು. ಇಂಟರ್‌ನೆಟ್ ಕಂಪನಿಯೊಂದಕ್ಕೆ ಬಾಕಿ ಉಳಿಸಿಕೊಂಡ ಸುಸ್ತಿದಾರರು ನೀವು, ಇವತ್ತೇ ತಕರಾರು ದಾಖಲಿಸದಿದ್ದರೆ ಅರ್ಜಿ ವಾಪಸ್ಸು ಎಂದಿತ್ತು ಬ್ಯಾಂಕು. ಆ ಸಂಪರ್ಕ ಬಿಡಿಸಿ ಎರಡು ವರ್ಷವಾಗಿತ್ತು. ಮೋಡೆಮ್ ಡಬ್ಬಿ ಹಿಂತಿರುಗಿಸಿದ ರಸೀದಿಯೂ ಇತ್ತು.

ತಕರಾರು ದಾಖಲಿಸಲು ಕಂಪನಿಯ ಕಚೇರಿಗೆ ಹೊರಟಾಗ ಅರಸೀಕೆರೆಯ ಬಸ್ಸಿನಲ್ಲಿ ಪಕ್ಕದ ಬೀದಿಯ ದೇವೀರಪ್ಪ ಸಿಕ್ಕ. ಪುರಾಣ ಕೇಳುವವನಂತೆ ಕಣ್ಣು ಮುಚ್ಚಿ ಎಲ್ಲ ಕೇಳಿದ. “ಹೊರಗಿನೋರ್ ಕೆಲ್ಸ ಅಲ್ಲ ನಂಜುಂಡಣ್ಣ. ನಿನ್ ಬಾಮೈದನ್ನ ವಿಚಾರ್ಸಿದ್ಯಾ?”

ಬಾಮೈದನ ಮೇಲೆ ಅನುಮಾನ ಮೊಳೆಯಿತು. ಇನ್ನೊಂದು ಸ್ಟಾಪು ದಾಟುವಷ್ಟರಲ್ಲಿ, ಇವನಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ದೇವೀರಪ್ಪನ ಮೇಲೂ ಮೊಳೆಯಿತು. ರಸೀದಿಯ ಚೀಲವನ್ನು ಆಚೆ ತೊಡೆಗೆ ಸರಿಸಿಕೊಂಡರು.

ಕಂಪನಿಯ ಕಚೇರಿಯಲ್ಲಿ ಸಿಂಧು ಎಂಬ ಹುಡುಗಿ ರಸೀದಿ ನೋಡಿದಳು. “ತಪ್ಪು ನಮ್ದೇ ಸರ್. ಡಬ್ಬಿ ಬಂದ್ಮೇಲೂ ಬಿಲ್ ಹೋಗಿದೆ. ಆದ್ರೆ ಇಪ್ಪತ್ತು ಮೆಸೇಜ್ ಕಳ್ಸಿದ್ರೂ ನೀವು ಉಸಿರೇ ಎತ್ತಿಲ್ವಲ್ಲ?”

“ನಂಗೊಂದೂ ಬಂದಿಲ್ಲ.”

ಅವಳು ನಂಬರು ತೋರಿಸಿದಳು.

“ನಂದಲ್ಲ ಕಣಮ್ಮ ಇದು. ಯಾವನೋ ಬೇಕಂತ ಬರ್ದವ್ನೆ. ಅವನ ಕೈಬರಹ ತೋರ್ಸು, ಹಿಡ್ಕೊಡ್ತೀನಿ.”

ಸಿಂಧು ಹಳೆಯ ಅರ್ಜಿ ತೆಗೆದಳು. ಕೈಬರಹ ನಂಜುಂಡಯ್ಯನವರದೇ. ತಮ್ಮ ನಂಬರು ಕೊಟ್ಟರೆ ಕಂಪನಿಯವರು ಏನು ಮಾಡುತ್ತಾರೋ ಎಂದು, ಹಾಲಿನ ಡೈರಿಯ ಗೋಡೆಗೆ ಅಂಟಿಸಿದ್ದ ಸದಸ್ಯರ ಪಟ್ಟಿಯಿಂದ ಪಕ್ಕದ ಮನೆಯ ಹುಚ್ಚಮ್ಮನ ನಂಬರು ಇಳಿಸಿಕೊಂಡು ಬರೆದಿದ್ದರು. ಆ ಜಾಣತನಕ್ಕೆ ಅವತ್ತು ತಮಗೆ ತಾವೇ ಎರಡು ಬೋಂಡ ಕೊಡಿಸಿಕೊಂಡದ್ದೂ ನೆನಪಾಯಿತು.

“ತಕರಾರು ತಗೊಳ್ಳೋಕೆ ಆ ನಂಬರಿಗೆ ಒಟಿಪಿ ಕಳ್ಸಿದೀನಿ ಸರ್. ಹತ್ತು ನಿಮಿಷದಲ್ಲಿ ಹೇಳಿ. ಆಮೇಲೆ ಕೌಂಟರ್ ಮುಚ್ತೀವಿ.”

ನಂಜುಂಡಯ್ಯ ಫೋನು ಒತ್ತಿದರು. “ಅಕ್ಕಾ, ನಾನು ನಂಜುಂಡಯ್ಯ. ನಿನ್ ಫೋನಿಗೊಂದು ನಂಬರ್ ಬಂದೈತೆ, ವಸಿ ಓದಕ್ಕ.”

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. “ನಂಜುಂಡಯ್ಯನೋರ್ ಹೆಸರ್ ಹಾಕ್ಕಂಡು ಎರಡು ವರ್ಸದಿಂದ ದುಡ್ಡು ಕಟ್ಟು ಅಂತ ಮೆಸೇಜ್ ಕಳ್ಸೋನು ನೀನೇ ಏನ್ಲಾ?”

“ನಿಜವಾದ ನಂಜುಂಡಯ್ಯನೇ ಕಣಕ್ಕ. ಪಕ್ಕದ್ ಮನೆಯೋನು.”

“ಅವ್ರಿಗೆ ನನ್ ನಂಬರ್ ನಾನು ಕೊಟ್ಟೇ ಇಲ್ಲ. ಎಲ್ಲಿ ಸಿಕ್ತು, ಅದ್ ಹೇಳು ಮೊದ್ಲು.”

ಸಿಂಧು ನೋಡುತ್ತಿದ್ದಳು. ನಂಜುಂಡಯ್ಯ ಅವಳಿಗೆ ಬೆನ್ನು ತಿರುಗಿಸಿ ದನಿ ತಗ್ಗಿಸಿದರು. ಮತ್ತೆ, “ಅಕ್ಕಾ, ಆರೇ ಆರು ಅಂಕಿ, ಕೈ ಮುಗೀತೀನಿ” ಎಂದರು.

“ನೀನು ಕಾಲಿಗೆ ಬಿದ್ರೂ ಹೇಳಾಕಿಲ್ಲ” ಎಂದು ಹುಚ್ಚಮ್ಮ ಫೋನಿಟ್ಟಳು.